ಮುಂಬಯಿ–ಮಂಗಳೂರು 715 ಕಿ.ಮೀ.: ಒಂದು ಗಂಟೆಯ ಹಾದಿಯೋ, ಒಂದೂಮುಕ್ಕಾಲು ಗಂಟೆಯದೋ?

ಡೊಂಬಿವಲಿಯ ಸೋದರಮಾವ
ಬರುವ ಮೇ ತಿಂಗಳ ಕೊನೆಯ ವಾರ ಮೂಡುಬಿದಿರೆಯಲ್ಲಿ ನನ್ನ ಅಕ್ಕನ ಮಗಳ ಮದುವೆ. ಮುಹೂರ್ತ ಬೆಳಿಗ್ಗೆ 11:52ಕ್ಕೆ, ಅಭಿಜಿನ್ ಲಗ್ನದಲ್ಲಿ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ಅಂದರೆ ನಾನು. ತಡವಾದರೆ ಊಟದ ಹೊತ್ತಿಗೆ ಬಂದು ಪಂಕ್ತಿಯಲ್ಲಿ ಕೂರುತ್ತೇನೆ ಎನ್ನುವ ಹಾಗಿಲ್ಲ. ಹಿಂದಿನ ದಿನ ರಾತ್ರಿ ಒಂಬತ್ತರವರೆಗೆ ಕಚೇರಿ ಬಿಡಲಾಗದ ಕಾರಣ ಅದೇ ದಿನ ಬೆಳಿಗ್ಗೆ 7:10ರ ವಿಮಾನ ಹಿಡಿಯುವ ಯೋಚನೆಯಿದೆ.

ಲೆಕ್ಕ ಹಾಕಲು ಕುಳಿತಾಗ ಗೊಂದಲ ಶುರುವಾಯಿತು. ಮುಂಬಯಿಯಿಂದ ಮಂಗಳೂರಿಗೆ ವಿಮಾನದ ದೂರ ಎಷ್ಟು ಎಂದು ಹುಡುಕಿದರೆ ಒಂದು ಕಡೆ 715 ಎಂದಿದೆ, ಇನ್ನೊಂದು ಕಡೆ 444, ಮತ್ತೊಂದು ಕಡೆ 386. ಅವಧಿಯ ಕಥೆಯೂ ಅಷ್ಟೇ: ಒಂದರಲ್ಲಿ 1 ಗಂಟೆ 23 ನಿಮಿಷ, ಟಿಕೆಟಿನಲ್ಲಿ 1 ಗಂಟೆ 40 ನಿಮಿಷ; ಕಳೆದ ಗಣೇಶ ಚೌತಿಗೆ ಹೋದಾಗ ಪೈಲಟ್ ಘೋಷಿಸಿದ್ದು 1 ಗಂಟೆ 5 ನಿಮಿಷ. ಇವುಗಳಲ್ಲಿ ಯಾವುದನ್ನು ನಂಬಬೇಕು? ಮನೆಯ ಬಾಗಿಲಿನಿಂದ ಮದುವೆ ಮಂಟಪಕ್ಕೆ ಒಟ್ಟು ಎಷ್ಟು ಗಂಟೆ ಹಿಡಿಯಬೇಕು?

ಕುರ್ಲಾ ಕ್ಯಾಂಟೀನ್
ಮತ್ಸ್ಯಗಂಧಾ ಹಿಡಿಯಿರಿ. ಗಂಟೆ ಎಣಿಸುವ ರಗಳೆಯೇ ಇಲ್ಲ.

ಡೊಂಬಿವಲಿಯ ಸೋದರಮಾವ
ಅದು ಕುರ್ಲಾದಿಂದ ಹೊರಡುವುದು ಮಧ್ಯಾಹ್ನ, ಮಂಗಳೂರು ತಲುಪುವುದು ಮರುದಿನ ಬೆಳಿಗ್ಗೆ. ರಾತ್ರಿ ಒಂಬತ್ತಕ್ಕೆ ಕಚೇರಿ ಬಿಡುವವನು ಮಧ್ಯಾಹ್ನದ ರೈಲು ಹತ್ತುವುದು ಹೇಗೆ ಎಂಬುದನ್ನೂ ತಾವೇ ತಿಳಿಸಿದರೆ ಉಪಕಾರವಾಗುತ್ತದೆ.

ಮಾಟುಂಗಾ ಮೇಷ್ಟ್ರು (ನಿವೃತ್ತ)
ದೂರದ ವಿಷಯದಲ್ಲಿ ಗೊಂದಲಕ್ಕೆ ಕಾರಣವೇ ಇಲ್ಲ. ನಿಮಗೆ ಸಿಕ್ಕಿರುವ ಮೂರೂ ಅಂಕಿಗಳು ಸರಿಯಾಗಿವೆ, ಮೂರೂ ಒಂದೇ ದೂರವನ್ನು ಹೇಳುತ್ತಿವೆ. 715 ಕಿಲೋಮೀಟರಿನಲ್ಲಿ, 444 ಸಾಮಾನ್ಯ ಮೈಲಿಯಲ್ಲಿ, 386 ನಾಟಿಕಲ್ ಮೈಲಿಯಲ್ಲಿ. ವಿಮಾನ ಮತ್ತು ಹಡಗಿನವರು ಬಳಸುವುದು ಮೂರನೆಯದನ್ನು. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಈ ವಿಚಿತ್ರ ಅಳತೆ ಹುಟ್ಟಿದ್ದು ಭೂಮಿಯ ಅಕ್ಷಾಂಶದಿಂದ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನ (ಅದಕ್ಕೆ ಮಿನಿಟು ಎನ್ನುತ್ತಾರೆ) ಉದ್ದವೇ ಸುಮಾರು ಒಂದು ನಾಟಿಕಲ್ ಮೈಲಿ.

ಇದನ್ನು ನೀವೇ ಕೈಯಲ್ಲಿ ಲೆಕ್ಕ ಹಾಕಿ ನೋಡಬಹುದು. ಮುಂಬಯಿ ವಿಮಾನ ನಿಲ್ದಾಣ ಇರುವುದು 19 ಡಿಗ್ರಿ 5 ಮಿನಿಟು ಉತ್ತರ ಅಕ್ಷಾಂಶದಲ್ಲಿ, ಮಂಗಳೂರಿನ ವಿಮಾನ ನಿಲ್ದಾಣವಾದ ಬಜಪೆ ಇರುವುದು 12 ಡಿಗ್ರಿ 58 ಮಿನಿಟಿನಲ್ಲಿ. ವ್ಯತ್ಯಾಸ 6 ಡಿಗ್ರಿ 7 ಮಿನಿಟು, ಅಂದರೆ 367 ಮಿನಿಟು, ಅಂದರೆ ದಕ್ಷಿಣಕ್ಕೆ 367 ನಾಟಿಕಲ್ ಮೈಲಿ. ಆದರೆ ನಮ್ಮ ಕರಾವಳಿ ನೆಟ್ಟಗೆ ಕೆಳಗಿಳಿಯುವುದಿಲ್ಲ, ಓರೆಯಾಗಿ ಪೂರ್ವಕ್ಕೆ ಸರಿಯುತ್ತದೆ. ಬಜಪೆ ಮುಂಬಯಿಗಿಂತ ಎರಡು ಡಿಗ್ರಿಯಷ್ಟು ಪೂರ್ವದಲ್ಲಿದೆ. ಆ ಓರೆಯನ್ನು ಸೇರಿಸಿದಾಗ 386 ಆಗುತ್ತದೆ. ಪೈಥಾಗೊರಸನ ಪ್ರಮೇಯ ಮರೆತಿಲ್ಲದವರಿಗೆ ಇಷ್ಟು ಸಾಕು.

ಲೋಹಗಾಂವ್ ಅತ್ತಿಗೆ, ಪುಣೆ
ಮೇಷ್ಟ್ರೇ, ಭೂಮಿ ದುಂಡಗಿದೆ. ಪೈಥಾಗೊರಸನ ಪ್ರಮೇಯ ನಡೆಯುವುದು ಕರಿಹಲಗೆಯ ಮೇಲೆ.

ಮಾಟುಂಗಾ ಮೇಷ್ಟ್ರು (ನಿವೃತ್ತ)
ಒಪ್ಪಿದೆ. ಮುಂಬಯಿಯಿಂದ ಲಂಡನ್ನಿಗೆ ಹೀಗೆ ಲೆಕ್ಕ ಹಾಕಿದರೆ ಭಾರೀ ತಪ್ಪಾಗುತ್ತದೆ. ಅಲ್ಲಿ ಗೋಳದ ಮೇಲಿನ ಮಹಾವೃತ್ತದ ಸೂತ್ರವೇ ಬೇಕು. ಆದರೆ ಏಳುನೂರು ಕಿಲೋಮೀಟರಿಗೆ ಪೂರ್ವ–ಪಶ್ಚಿಮದ ಡಿಗ್ರಿಗಳನ್ನು ನಡುವಿನ ಅಕ್ಷಾಂಶಕ್ಕೆ ತಕ್ಕಂತೆ ಕಿರಿದು ಮಾಡಿಕೊಂಡರೆ ಸಾಕು, ಲೆಕ್ಕದ ಉತ್ತರದಲ್ಲಿ ಒಂದು ಕಿಲೋಮೀಟರಿನ ವ್ಯತ್ಯಾಸವೂ ಬರುವುದಿಲ್ಲ. ಆ ಕಿರಿದು ಮಾಡುವ ಹಂತವನ್ನು ಮೇಲೆ ಬರೆಯದೆ ಬಿಟ್ಟಿದ್ದು ನನ್ನ ತಪ್ಪು.

ಸಾಂತಾಕ್ರೂಜ್ ನೆಲದ ಕೆಲಸ
ನಾನು ಬಹಳ ವರ್ಷ ವಿಮಾನ ನಿಲ್ದಾಣದ ನೆಲದ ಮೇಲೆ ದುಡಿದವನು, ಹಾಗಾಗಿ ಅವಧಿಯ ಪ್ರಶ್ನೆಗೆ ಉತ್ತರಿಸುತ್ತೇನೆ. ನಿಮ್ಮ ಮೂರು ಅಂಕಿಗಳು ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿವೆ.

ಟಿಕೆಟಿನಲ್ಲಿರುವ 1 ಗಂಟೆ 40 ನಿಮಿಷಕ್ಕೆ ನಮ್ಮಲ್ಲಿ ಬ್ಲಾಕ್ ಟೈಮ್ ಎನ್ನುತ್ತಾರೆ. ಮುಂಬಯಿಯ ಗೇಟಿನಲ್ಲಿ ಚಕ್ರದ ಅಡ್ಡಗಟ್ಟೆ ತೆಗೆದು ವಿಮಾನ ಅಲುಗಾಡಿದ ಕ್ಷಣದಿಂದ ಬಜಪೆಯಲ್ಲಿ ಮತ್ತೆ ಅಡ್ಡಗಟ್ಟೆ ಇಡುವ ಕ್ಷಣದವರೆಗಿನ ಸಮಯ ಅದು. ಪೈಲಟ್ ಹೇಳಿದ 1 ಗಂಟೆ 5 ನಿಮಿಷ ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನ ಸಮಯ. ಆ 1 ಗಂಟೆ 23 ನಿಮಿಷವನ್ನು ಯಾರೂ ಅಳೆದಿಲ್ಲ. ದೂರವನ್ನು ಗಂಟೆಗೆ 805 ಕಿ.ಮೀ. ವೇಗದಿಂದ ಭಾಗಿಸಿ, ಏರಿಳಿತಕ್ಕೆಂದು ಅರ್ಧ ಗಂಟೆ ಕೂಡಿಸುವ ಸಿದ್ಧ ಸೂತ್ರವೊಂದಿದೆ. 715ನ್ನು ಭಾಗಿಸಿ ನೋಡಿ, 53 ನಿಮಿಷ ಬರುತ್ತದೆ, ಮೂವತ್ತು ಸೇರಿಸಿದರೆ 83. ಮುಂಬಯಿಯ ಸಾಂತಾಕ್ರೂಜ್ ನಿಲ್ದಾಣ ಹೇಗಿದೆ, ಬಜಪೆ ಹೇಗಿದೆ ಎಂಬುದು ಆ ಸೂತ್ರಕ್ಕೆ ಗೊತ್ತಿಲ್ಲ.

ಡೊಂಬಿವಲಿಯ ಸೋದರಮಾವ
ಬಹಳ ಸ್ಪಷ್ಟವಾಯಿತು. ಆದರೂ ಒಂದು ಸಂಶಯ ಉಳಿದಿದೆ. ಗಂಟೆಗೆ ಎಂಟುನೂರು ಕಿಲೋಮೀಟರ್ ಓಡುವ ವಿಮಾನಕ್ಕೆ 715 ಕಿಲೋಮೀಟರ್ ದಾಟಲು ಒಂದು ಗಂಟೆಗಿಂತ ಹೆಚ್ಚು ಏಕೆ ಬೇಕು?

ಸಾಂತಾಕ್ರೂಜ್ ನೆಲದ ಕೆಲಸ
ಆ ವೇಗದಲ್ಲಿ ಅದು ಓಡುವ ಹಾದಿ ಅರ್ಧಕ್ಕಿಂತಲೂ ಕಡಿಮೆ. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಮೀರುವಂತಿಲ್ಲ. ಮೇಲೇರಿ ಸಮತಟ್ಟಾಗುವಷ್ಟರಲ್ಲಿ ಇನ್ನೂರು ಕಿಲೋಮೀಟರಿನಷ್ಟು ದಾರಿ ಕಳೆದಿರುತ್ತದೆ. ಇಳಿಯುವುದಕ್ಕೂ ಲೆಕ್ಕವಿದೆ: ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. 35 ಸಾವಿರ ಅಡಿಯಲ್ಲಿದ್ದರೆ 105 ನಾಟಿಕಲ್ ಮೈಲಿ, ಅಂದರೆ ಬಜಪೆಗೆ 195 ಕಿ.ಮೀ. ಇರುವಾಗಲೇ ಇಳಿಯಲು ಶುರುಮಾಡಬೇಕು. ಹೀಗೆ ಎರಡೂ ತುದಿ ಕಳೆದರೆ ನಡುವೆ ಪೂರ್ಣ ವೇಗಕ್ಕೆ ಉಳಿಯುವುದು ಮುನ್ನೂರು ಚಿಲ್ಲರೆ ಕಿಲೋಮೀಟರ್, ಇಪ್ಪತ್ತೈದು ನಿಮಿಷಕ್ಕೂ ಕಡಿಮೆ. ಗಗನಸಖಿಯರು ಚಹಾದ ಗಾಡಿಯನ್ನು ಅಷ್ಟು ಅವಸರದಲ್ಲಿ ತಳ್ಳಿಕೊಂಡು ಬರುವುದು ಇದೇ ಕಾರಣಕ್ಕೆ.

ಲೋಹಗಾಂವ್ ಅತ್ತಿಗೆ, ಪುಣೆ
ಇದಕ್ಕೆ ನಮ್ಮ ಪುಣೆಯೇ ಉತ್ತಮ ಉದಾಹರಣೆ. ಪುಣೆಯಿಂದ ಮುಂಬಯಿಗೆ ಆಕಾಶದಲ್ಲಿ ಕೇವಲ 124 ಕಿ.ಮೀ. ಮೇಲಿನ ಲೆಕ್ಕದ ಪ್ರಕಾರ ಅಲ್ಲಿ ವಿಮಾನ ಏರುವುದೂ ಇಳಿಯುವುದೂ ಮಾತ್ರ, ಹಾರುವುದು ಎಂಬುದೇ ಇಲ್ಲ. ಎರಡೂ ನಿಲ್ದಾಣಗಳಲ್ಲಿ ಕಾಯುವುದನ್ನು ಸೇರಿಸಿದರೆ 1930ರಿಂದ ಓಡುತ್ತಿರುವ ಡೆಕ್ಕನ್ ಕ್ವೀನ್ ಮೂರು ಗಂಟೆ ಚಿಲ್ಲರೆಯಲ್ಲಿ 192 ಕಿಲೋಮೀಟರ್ ರೈಲುಹಾದಿ ಮುಗಿಸಿ ನಿಮ್ಮನ್ನು ನೇರವಾಗಿ ಊರ ನಡುವೆ ಇಳಿಸಿರುತ್ತದೆ. ತವರಿಗೆ ಹೋಗಲು ನಾನು ಹಿಡಿಯುವ ಪುಣೆ–ಬೆಂಗಳೂರು ವಿಮಾನದ ದೂರ 723 ಕಿ.ಮೀ., ಹೆಚ್ಚುಕಡಿಮೆ ನಿಮ್ಮಷ್ಟೇ.

ಆದರೆ ಒಂದು ಆಕ್ಷೇಪವನ್ನು ಹೇಳಲೇಬೇಕು. ಒಂದು ಗಂಟೆ ಐದು ನಿಮಿಷದ ಹಾರಾಟಕ್ಕೆ ಟಿಕೆಟಿನಲ್ಲಿ ಒಂದು ಗಂಟೆ ನಲವತ್ತು ನಿಮಿಷ ಎಂದು ಬರೆಯುವುದು ಪ್ರಯಾಣಿಕರ ಕಣ್ಣಿಗೆ ಮಣ್ಣೆರಚುವ ಕೆಲಸ. ತಡವಾಗಿ ಹೊರಟು "ಸಮಯಕ್ಕೆ ಸರಿಯಾಗಿ ತಲುಪಿದ್ದೇವೆ" ಎಂದು ಹೆಮ್ಮೆಯಿಂದ ಘೋಷಿಸುತ್ತಾರೆ. ನಾನು ಎರಡು ಸಲ ಕಿವಿಯಾರೆ ಕೇಳಿದ್ದೇನೆ.

ಬೊರಿವಲಿ ಕಿಟಕಿ ಸೀಟು
ಅತ್ತಿಗೆಯವರ ಮಾತಿಗೆ ನನ್ನ ಬಳಿ ಬರಹದ ಸಾಕ್ಷಿ ಇದೆ. ನನಗೆ ಕಿಟಕಿ ಪಕ್ಕ ಕುಳಿತು ಸಣ್ಣ ಟಿಪ್ಪಣಿ ಪುಸ್ತಕದಲ್ಲಿ ಸಮಯ ಬರೆದುಕೊಳ್ಳುವ ಹುಚ್ಚು. ಕಳೆದ ಡಿಸೆಂಬರಿನಲ್ಲಿ ಇದೇ ಮುಂಬಯಿ–ಮಂಗಳೂರು ಪ್ರಯಾಣದ ಪುಟದಿಂದ ನಕಲು ಮಾಡುತ್ತಿದ್ದೇನೆ. ಹೊರಡಬೇಕಾದ ಸಮಯ 6:10, ತಲುಪಬೇಕಾದ ಸಮಯ 7:50. ಬಾಗಿಲು ಮುಚ್ಚಿದ್ದು 6:05. ಗೇಟಿನಿಂದ ಹಿಂದಕ್ಕೆ ತಳ್ಳಿದ್ದು 6:14. ಆಮೇಲೆ ಸರತಿ. ನಮ್ಮ ಮುಂದೆ ಏಳು ಬಾಲಗಳನ್ನು ಎಣಿಸಿದ್ದೇನೆ, ಅಷ್ಟರಲ್ಲಿ ಹೊರಗೆ ಇನ್ನೂ ಕತ್ತಲೆ, ಬಾಲದ ದೀಪ ಮಾತ್ರ ಕಾಣುತ್ತಿತ್ತು. ಚಕ್ರ ನೆಲ ಬಿಟ್ಟಿದ್ದು 6:41. ಬಜಪೆಯಲ್ಲಿ ನೆಲ ಮುಟ್ಟಿದ್ದು 7:44. ಇಂಜಿನ್ ನಿಂತದ್ದು 7:50. ಒಂದು ನಿಮಿಷವೂ ಆಚೀಚೆ ಇಲ್ಲ. ಆಕಾಶದಲ್ಲಿ ಇದ್ದದ್ದು 63 ನಿಮಿಷ, ಸಾಂತಾಕ್ರೂಜಿನ ನೆಲದ ಮೇಲೆ ತೆವಳಿದ್ದು 27 ನಿಮಿಷ.

ಸಾಂತಾಕ್ರೂಜ್ ನೆಲದ ಕೆಲಸ
ಆ ಪುಟ ನನ್ನ ಮಾತಿಗೂ ಸಾಕ್ಷಿಯೇ ಆಯಿತು. 27 ನಿಮಿಷ ನೆಲದ ಮೇಲೆ ಹೋಗುವುದು ಮುಂಚೆಯೇ ಗೊತ್ತಿದ್ದಾಗ ಅದನ್ನು ಟಿಕೆಟಿನಲ್ಲಿ ಸೇರಿಸದಿದ್ದರೆ ಅದೇ ಸುಳ್ಳಾಗುತ್ತಿರಲಿಲ್ಲವೇ? ಮುಂಬಯಿಯಲ್ಲಿ ರನ್‌ವೇ ಎರಡಿವೆ ನಿಜ, ಆದರೆ ಅವು ಕತ್ತರಿಯಂತೆ ಒಂದನ್ನೊಂದು ಅಡ್ಡ ದಾಟುತ್ತವೆ. ಎರಡನ್ನೂ ಏಕಕಾಲಕ್ಕೆ ಸ್ವತಂತ್ರವಾಗಿ ಬಳಸಲಾಗುವುದಿಲ್ಲ. ದಿನದ ಬಹುಪಾಲು ಒಂದೇ ಪಟ್ಟಿಯ ಮೇಲೆ ಇಡೀ ಊರಿನ ವಿಮಾನಗಳು ಏರಿಳಿಯಬೇಕು. ಸಾಮಾನ್ಯವಾಗಿ ಪಶ್ಚಿಮಕ್ಕೆ, ಜುಹು ಕಡೆ ಸಮುದ್ರದ ಮೇಲೆ ಹಾರಿ ಎಡಕ್ಕೆ ತಿರುಗಿ ದಕ್ಷಿಣ ಹಿಡಿಯುತ್ತಾರೆ, ಹಾಗಾಗಿ 715 ಎಂಬುದು ಕೂಡ ಕಾಗದದ ಮೇಲಿನ ದೂರವೇ.

ಹದಿನೈದು ನಿಮಿಷದೊಳಗೆ ಬಂದರೆ "ಸಮಯಕ್ಕೆ ಸರಿ" ಎಂದು ಲೆಕ್ಕ ಹಿಡಿಯುವ ಪದ್ಧತಿ ಇರುವುದರಿಂದ ಕಂಪನಿಗಳು ಸ್ವಲ್ಪ ಕೈಸಡಿಲ ಬಿಟ್ಟು ಬರೆಯುತ್ತವೆ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಲೋಹಗಾಂವ್ ಅತ್ತಿಗೆ, ಪುಣೆ
ಒಪ್ಪಿದ್ದಕ್ಕೆ ಧನ್ಯವಾದಗಳು. ಅದನ್ನೇ ನಾನು ಮಣ್ಣು ಎಂದದ್ದು.

ಜುವಾರಿನಗರದ ಗದಗ ಮಂದಿ, ಗೋವಾ
ದೂರ ಕಡಿಮೆ ಎಂದು ಮೋಸ ಹೋದವನ ಅನುಭವ ಕೇಳಿ. ನಮ್ಮ ರಾಜ್ಯದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳು: ದಾಬೋಳಿ ಹಳೆಯದು, ನೌಕಾಪಡೆಯದು, ಮೋಪಾ ಹೊಸದು, 2023ರ ಜನವರಿಯಿಂದ ಅಲ್ಲಿ ವಿಮಾನಗಳು ಓಡುತ್ತಿವೆ. ಮುಂಬಯಿಯಿಂದ ದಾಬೋಳಿಗೆ 425 ಕಿ.ಮೀ., ಮೋಪಾಕ್ಕೆ 387 ಕಿ.ಮೀ. ಮೋಪಾ ಉತ್ತರದ ತುದಿಯಲ್ಲಿದೆ, ಆದ್ದರಿಂದ ಹತ್ತಿರ. ಟಿಕೆಟೂ ಆ ದಿನ ಅಗ್ಗವಾಗಿತ್ತು. "38 ಕಿಲೋಮೀಟರ್ ಮುಂಚೆಯೇ ಇಳಿಯುತ್ತೇನೆ" ಎಂದು ಮನೆಯಾಕೆಗೆ ಫೋನಿನಲ್ಲಿ ಹೇಳಿ ಹೊರಟೆ.

ಇಳಿದ ಮೇಲೆ ಗೊತ್ತಾಯಿತು, ನನ್ನ ಮನೆ ದಾಬೋಳಿಯ ಪಕ್ಕದಲ್ಲೇ ಇದೆ. ಅಲ್ಲಿಂದಾದರೆ ಹತ್ತು ನಿಮಿಷದಲ್ಲಿ ಅಡುಗೆ ಮನೆಯಲ್ಲಿರುತ್ತಿದ್ದೆ. ಮೋಪಾದಿಂದ ಮಾಂಡೋವಿ, ಜುವಾರಿ ಎರಡೂ ಹೊಳೆ ದಾಟಿ ಅರವತ್ತು ಕಿಲೋಮೀಟರಿನಷ್ಟು ರಸ್ತೆ. ಆಕಾಶದಲ್ಲಿ ಉಳಿದದ್ದು ಮೂರು ನಿಮಿಷ, ನೆಲದ ಮೇಲೆ ಹೋದದ್ದು ಒಂದೂಮುಕ್ಕಾಲು ಗಂಟೆ. ಜೋಳದ ರೊಟ್ಟಿ ತಣ್ಣಗಾಗಿ ಮುರಿದರೆ ಹಪ್ಪಳದ ಸದ್ದು ಬರುತ್ತಿತ್ತು.

ಕುರ್ಲಾ ಕ್ಯಾಂಟೀನ್
ಟ್ಯಾಕ್ಸಿಗೆ ತೆತ್ತದ್ದು ಟಿಕೆಟಿನಲ್ಲಿ ಉಳಿದದ್ದಕ್ಕಿಂತ ಹೆಚ್ಚೋ ಕಡಿಮೆಯೋ?

ಜುವಾರಿನಗರದ ಗದಗ ಮಂದಿ, ಗೋವಾ
ಆ ಲೆಕ್ಕವನ್ನು ಮನೆಯಲ್ಲೂ ಕೇಳಿದ್ದಾರೆ. ಅಲ್ಲಿಯೂ ನಾನು ಉತ್ತರ ಕೊಟ್ಟಿಲ್ಲ.

ಥಾಣೆ ತಂಗಿ
ಅಣ್ಣಾ, ಗಾಳಿಯ ವಿಷಯವನ್ನು ಯಾರೂ ಹೇಳಲಿಲ್ಲ. ಎದುರುಗಾಳಿ ಇದ್ದರೆ ತಡವಾಗುತ್ತದೆ ಎಂದು ಕೇಳಿದ್ದೇನೆ. ಮೇ ತಿಂಗಳಲ್ಲಿ ಏನಾಗಬಹುದು?

ಸಾಂತಾಕ್ರೂಜ್ ನೆಲದ ಕೆಲಸ
ಗಾಳಿಯ ಆಟ ಪೂರ್ವ–ಪಶ್ಚಿಮದ ಹಾದಿಗಳಲ್ಲಿ ಹೆಚ್ಚು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಎತ್ತರದಲ್ಲಿ ಬಲವಾದ ಪಶ್ಚಿಮದ ಗಾಳಿ ಬೀಸುವಾಗ ಮುಂಬಯಿಯಿಂದ ಕೋಲ್ಕತ್ತಾಗೆ ಬೇಗ ಹೋಗಿ, ಬರುವಾಗ ತಡವಾಗುವುದುಂಟು. ನಮ್ಮ ಮಂಗಳೂರಿನ ಹಾದಿ ಹೆಚ್ಚುಕಡಿಮೆ ಉತ್ತರ–ದಕ್ಷಿಣ, ಆದ್ದರಿಂದ ಗಾಳಿ ಬಹುತೇಕ ಪಕ್ಕದಿಂದ ತಾಗುತ್ತದೆ. ಹೆಚ್ಚೆಂದರೆ ನಾಲ್ಕೈದು ನಿಮಿಷದ ಮಾತು. ಮೇ ಕೊನೆಯಲ್ಲಿ ನೋಡಬೇಕಾದದ್ದು ಬಜಪೆಯ ಮೋಡವನ್ನು.

ಬಜಪೆಯ ಬಾಡಿಗೆ ಕಾರು
ಅದನ್ನು ನಾನು ಹೇಳುತ್ತೇನೆ. ನಮ್ಮ ನಿಲ್ದಾಣ ಇರುವುದು ಗುಡ್ಡದ ತಲೆಯನ್ನು ಸಮತಟ್ಟು ಮಾಡಿದ ಜಾಗದಲ್ಲಿ. 2006ರಲ್ಲಿ ಬಂದ ರನ್‌ವೇಯ ಉದ್ದ 2,450 ಮೀಟರ್, ತುದಿಯ ಆಚೆಗೆ ಕಣಿವೆ. ಮಳೆ ಜಡಿದು ಮೋಡ ಗುಡ್ಡದ ಮೇಲೆಯೇ ಕುಳಿತರೆ ಪೈಲಟಿಗೆ ಪಟ್ಟಿ ಕಾಣುವುದಿಲ್ಲ. ಆಗ ಮೇಲೆಯೇ ಸುತ್ತು ಹೊಡೆಯುತ್ತಾರೆ. ಅಷ್ಟಾದರೂ ತೆರವಾಗದಿದ್ದರೆ ಬೆಂಗಳೂರಿಗೋ ಕೊಚ್ಚಿಗೋ ಹೋಗಿಬಿಡುತ್ತಾರೆ. ಕಳೆದ ಮಳೆಗಾಲದಲ್ಲಿ ಒಬ್ಬ ಗಿರಾಕಿಗಾಗಿ ನಾನು ಹೊರಗೆ ಕಾಯುತ್ತಿದ್ದೆ. ವಿಮಾನದ ಸದ್ದು ತಲೆಯ ಮೇಲೆ ಮೂರು ಸಲ ಕೇಳಿಸಿತು, ವಿಮಾನ ಮಾತ್ರ ಕಾಣಲಿಲ್ಲ. ಅವರು ಫೋನ್ ಮಾಡಿದ್ದು ಬೆಂಗಳೂರಿನಿಂದ. ಆದರೆ ಹೆದರಬೇಡಿ ಮಾರಾಯ್ರೆ, ಮೇ ತಿಂಗಳ ಮಳೆ ಹೆಚ್ಚಾಗಿ ಸಂಜೆಯದು. ಇಂತಹ ಅವಸ್ಥೆ ಜೂನ್, ಜುಲೈನಲ್ಲಿ ಹೆಚ್ಚು.

ಲೋಹಗಾಂವ್ ಅತ್ತಿಗೆ, ಪುಣೆ
ಮುಂಬಯಿಯಲ್ಲಿ ಮಳೆಗಾಲಕ್ಕೆ ಮುಂಚೆ ರನ್‌ವೇ ದುರಸ್ತಿಗೆಂದು ಮೇ ತಿಂಗಳಲ್ಲೇ ಒಂದು ದಿನ ನಿಲ್ಲಿಸುತ್ತಾರಲ್ಲ, ಅದನ್ನೂ ನೋಡಿಕೊಳ್ಳಿ. ನಮ್ಮ ಪುಣೆಯಲ್ಲಿ 2021ರ ಅಕ್ಟೋಬರಿನಲ್ಲಿ ಎರಡು ವಾರ ಇಡೀ ನಿಲ್ದಾಣವನ್ನೇ ಮುಚ್ಚಿದ್ದರು. ರನ್‌ವೇ ವಾಯುಪಡೆಯದಾದ್ದರಿಂದ ನಮ್ಮ ಮಾತು ನಡೆಯುವುದಿಲ್ಲ.

ಬೊರಿವಲಿ ಕಿಟಕಿ ಸೀಟು
ಮುಂಬಯಿಯ ಆ ದುರಸ್ತಿ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾಗದಲ್ಲಿ, ಬೆಳಿಗ್ಗೆ 11ರಿಂದ ಸಂಜೆ 5ರ ವರೆಗೆ. ಕೊನೆಯ ವಾರ ಬೆಳಗಿನ ಏಳರ ವಿಮಾನಕ್ಕೆ ಅದರ ಬಿಸಿ ತಟ್ಟುವುದಿಲ್ಲ.

ಥಾಣೆ ತಂಗಿ
ಡೊಂಬಿವಲಿಯಿಂದ ಲೋಕಲ್‌ನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಮರೋಳ್ ನಾಕಾ, ಅಲ್ಲಿ ಭೂಗತ ಮೆಟ್ರೋಗೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಟಿ2, ಅಂದರೆ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್. ಮೊನ್ನೆ ನಾನು ಹೀಗೆಯೇ ಹೋದೆ, ರಸ್ತೆಯ ಗದ್ದಲವೇ ಇಲ್ಲ.

ಡೊಂಬಿವಲಿಯ ಸೋದರಮಾವ
ಹಗಲಿಗೆ ಅದು ಒಳ್ಳೆಯ ದಾರಿ, ತಂಗಿ. ಆದರೆ ಏಳು ಗಂಟೆಯ ವಿಮಾನಕ್ಕೆ ನಾನು ನಾಲ್ಕಕ್ಕೆ ಹೊರಡಬೇಕು, ಆ ಹೊತ್ತಿಗೆ ಮೆಟ್ರೋ ಇನ್ನೂ ಎದ್ದಿರುವುದಿಲ್ಲ.

ಬೊರಿವಲಿ ಕಿಟಕಿ ಸೀಟು
ಟಿ2 ಎಂದು ಖಚಿತಪಡಿಸಿಕೊಂಡಿದ್ದೀರಾ? ದೇಶದೊಳಗಿನ ವಿಮಾನಗಳು ಎರಡೂ ಟರ್ಮಿನಲ್‌ಗಳಿಂದ ಹೊರಡುತ್ತವೆ. ನಾನೊಮ್ಮೆ ಅಭ್ಯಾಸಬಲದಿಂದ ಸಹಾರ್‌ನ ಟಿ2ಕ್ಕೆ ಹೋಗಿ, ದ್ವಾರದಲ್ಲಿ ಸಿ.ಐ.ಎಸ್.ಎಫ್. ಜವಾನ ಟಿಕೆಟನ್ನು ನನ್ನ ಕಡೆಗೆ ತಿರುಗಿಸಿ "ಟಿ1" ಎಂಬಲ್ಲಿ ಬೆರಳಿಟ್ಟು ತೋರಿಸಿದ ಮೇಲೆ ಸಾಂತಾಕ್ರೂಜಿಗೆ ಓಡಿದ್ದೇನೆ. ತಪ್ಪು ನನ್ನದೇ. ಅರ್ಧ ಗಂಟೆ ಹೋಯಿತು, ಕೌಂಟರ್ ಮುಚ್ಚಲು ನಾಲ್ಕು ನಿಮಿಷ ಉಳಿದಿತ್ತು.

ದಾದರ್ ವಕೀಲರು
ವಿಳಂಬವಾದರೆ ನಿಯಮ ಏನನ್ನುತ್ತದೆ ಎಂಬುದನ್ನೂ ತಿಳಿದಿರಿ. ಎರಡೂವರೆ ಗಂಟೆಯವರೆಗಿನ ಬ್ಲಾಕ್ ಟೈಮ್ ಇರುವ ವಿಮಾನ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗುವಂತಿದ್ದರೆ, ಸಮಯಕ್ಕೆ ಬಂದು ಚೆಕ್-ಇನ್ ಮಾಡಿದ ಪ್ರಯಾಣಿಕರಿಗೆ ಕಂಪನಿ ಊಟ–ಉಪಾಹಾರ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ನೋಡಿ, ಇಲ್ಲಿಯೂ ಲೆಕ್ಕಕ್ಕೆ ಬರುವುದು ಬ್ಲಾಕ್ ಟೈಮೇ.

ಕುರ್ಲಾ ಕ್ಯಾಂಟೀನ್
ಉಪ್ಪಿಟ್ಟು ಸಿಗುತ್ತದೆ, ಮುಹೂರ್ತ ಸಿಗುವುದಿಲ್ಲ.

ಸಾಂತಾಕ್ರೂಜ್ ನೆಲದ ಕೆಲಸ
ಒಂದು ಸಲಹೆ ಕೊಡುತ್ತೇನೆ. 7:10ರ ಬದಲು ದಿನದ ಮೊದಲ ವಿಮಾನವನ್ನೇ ಹಿಡಿಯಿರಿ. ಅದು ಬಹುತೇಕ ಹಿಂದಿನ ರಾತ್ರಿಯೇ ಮುಂಬಯಿಯಲ್ಲಿ ಬಂದು ನಿಂತ ವಿಮಾನವಾಗಿರುತ್ತದೆ. ಹೊತ್ತು ಏರಿದಂತೆ ಒಂದೇ ವಿಮಾನ ನಾಲ್ಕೈದು ಊರು ಸುತ್ತಿ ಬರುತ್ತದೆ, ಎಲ್ಲೋ ಆದ ಇಪ್ಪತ್ತು ನಿಮಿಷದ ವಿಳಂಬ ಸಾಲಾಗಿ ಮುಂದಿನ ಪ್ರಯಾಣಿಕರ ತಲೆಗೆ ಬರುತ್ತದೆ. ಅಲ್ಲದೆ ಮೊದಲನೆಯದು ರದ್ದಾದರೆ ಎರಡನೆಯದಕ್ಕೆ ಬದಲಾಯಿಸಿಕೊಳ್ಳಲು ಅವಕಾಶ ಇರುತ್ತದೆ. 7:10ರದು ಕೈಕೊಟ್ಟರೆ ನಿಮ್ಮ ಮುಹೂರ್ತಕ್ಕೆ ಬೇರೆ ದಾರಿಯೇ ಇಲ್ಲ.

ಮಾಟುಂಗಾ ಮೇಷ್ಟ್ರು (ನಿವೃತ್ತ)
ಹಿಂದಿನ ರಾತ್ರಿಯ ಕೊನೆಯ ವಿಮಾನ ಇದ್ದರೆ ಅದೇ ಮೇಲಲ್ಲವೇ? ಕಚೇರಿಯಿಂದ ನೇರ ನಿಲ್ದಾಣಕ್ಕೆ ಹೋಗಬಹುದಿತ್ತು.

ಡೊಂಬಿವಲಿಯ ಸೋದರಮಾವ
ನೋಡಿದೆ ಮೇಷ್ಟ್ರೇ. ಆ ದಿನ ಒಂಬತ್ತರ ಮೇಲೆ ನೇರ ವಿಮಾನ ಇಲ್ಲ. ಬೆಂಗಳೂರಿನ ಮೇಲಿಂದ ಹೋಗುವುದಿದೆ. ಮುಂಬಯಿ–ಬೆಂಗಳೂರೇ 834 ಕಿ.ಮೀ., ಮಂಗಳೂರಿಗಿಂತ ದೂರ! ಅಲ್ಲಿ ರಾತ್ರಿಯಿಡೀ ಕುರ್ಚಿಯ ಮೇಲೆ ಕುಳಿತು ಬೆಳಿಗ್ಗೆ ಮತ್ತೊಂದನ್ನು ಹಿಡಿಯಬೇಕು.

ಎಲ್ಲರ ಮಾತನ್ನೂ ಸೇರಿಸಿ ಈಗ ಹೀಗೆ ನಿರ್ಧರಿಸಿದ್ದೇನೆ. ಬೆಳಗಿನ 5:50ರ ವಿಮಾನ. ಟಿಕೆಟ್ ತೆಗೆದು ನೋಡಿದೆ, ಟಿ2 ಎಂದೇ ಇದೆ. ಮನೆಯಿಂದ 2:45ಕ್ಕೆ ಟ್ಯಾಕ್ಸಿ; ಆ ಹೊತ್ತಿನಲ್ಲಿ ರಸ್ತೆ ಖಾಲಿ, ಮುಕ್ಕಾಲು ಗಂಟೆಯಲ್ಲಿ ನಿಲ್ದಾಣ. ಒಂದು ಗಂಟೆ ಮುಂಚೆ ಕೌಂಟರ್ ಮುಚ್ಚುವುದರಿಂದ 4:50ರೊಳಗೆ ಬ್ಯಾಗು ಒಪ್ಪಿಸಬೇಕು. ಟಿಕೆಟಿನ ಪ್ರಕಾರ ಬಜಪೆಗೆ 7:30. ಬ್ಯಾಗಿಗೆ ಅರ್ಧ ಗಂಟೆ, ಮೂಡುಬಿದಿರೆಗೆ ಮುಕ್ಕಾಲು ಗಂಟೆ. ಎಲ್ಲವೂ ಸುಗಮವಾದರೆ 8:45ಕ್ಕೆ ಅಕ್ಕನ ಅಂಗಳ. ಅಂದರೆ ಒಂದು ಗಂಟೆ ಐದು ನಿಮಿಷದ ಹಾರಾಟಕ್ಕೆ ಮನೆಯಿಂದ ಮನೆಗೆ ಸರಿಯಾಗಿ ಆರು ಗಂಟೆ, ಅದರ ಮೇಲೆ ಮೂರು ಗಂಟೆ ಮೀಸಲು.

ಲೋಹಗಾಂವ್ ಅತ್ತಿಗೆ, ಪುಣೆ
ಬ್ಯಾಗು ಒಪ್ಪಿಸುವುದೇ ಬೇಡ. ಪಂಚೆ–ಶಲ್ಯ ಕೈಚೀಲದಲ್ಲಿ ಹಿಡಿಯುತ್ತದೆ, ಆ ಅರ್ಧ ಗಂಟೆಯೂ ಉಳಿಯುತ್ತದೆ.

ಡೊಂಬಿವಲಿಯ ಸೋದರಮಾವ
ಹುಡುಗಿಗೆ ಕೊಡಬೇಕಾದ ಬೆಳ್ಳಿಯ ದೀಪದ ಜೋಡಿ ಇದೆ ಅತ್ತಿಗೆ, ಅದು ಕೈಚೀಲದಲ್ಲೇ ಬರುತ್ತದೆ. ಆದರೆ ಅಕ್ಕ ಮಾಟುಂಗಾದಿಂದ ಹತ್ತು ಕಿಲೋ ಏನೇನೋ ತರಲು ಹೇಳಿದ್ದಾಳೆ. ಅದನ್ನು ಒಪ್ಪಿಸದೆ ಗತಿಯಿಲ್ಲ.

ಬಜಪೆಯ ಬಾಡಿಗೆ ಕಾರು
ಹಾಗಾದರೆ ವಿಮಾನ ಇಳಿದ ಕೂಡಲೇ ಫೋನ್ ಮಾಡಬೇಡಿ, ಬ್ಯಾಗು ಕೈಗೆ ಬಂದ ಮೇಲೆ ಮಾಡಿ. ಹೊರಗೆ ಕಾರು ನಿಲ್ಲಿಸಿಕೊಂಡು ಕಾಯಲು ಬಿಡುವುದಿಲ್ಲ. ನಾನು ಕೆಳಗೆ ಕೆಂಜಾರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಇರುತ್ತೇನೆ. ನಿಮ್ಮ ಫೋನ್ ಬಂದ ಐದು ನಿಮಿಷಕ್ಕೆ ಬಾಗಿಲಲ್ಲಿರುತ್ತೇನೆ.